ನಂಬುಗೆ, ಸತ್ಯ ಮತ್ತು ಅಂತಃಸಾಕ್ಷಿ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಕಾರ್ಯದರ್ಶಿಗಳು ಮಳೆಗಾಲದ ಒಂದು ಸಂಜೆ ನನ್ನ ಮನೆಗೆ ಬಂದು, ಈ ವರ್ಷದ ಉತ್ಸವದಲ್ಲಿ 'ಧರ್ಮ ಮತ್ತು ನೀತಿ' ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಅಪ್ಪಣೆ ಮಾಡಿದರು. ನಾನು ಸಂಕೋಚಪಟ್ಟೆನು. ವೇದಾಂತವನ್ನು ಗುರುಮುಖದಿಂದ ಓದಿದವನು ನಾನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಈ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಕಾಗುಣಿತ ತಿದ್ದಿದ್ದಷ್ಟೇ ನನ್ನ ವಿದ್ಯೆ. "ಹಾಗಾದರೆ ತಮಗೆ ತಿಳಿದದ್ದನ್ನೇ ಹೇಳಿ ಮಾಷ್ಟ್ರೆ" ಎಂದು ಹೇಳಿ ಅವರು ಕೊಡೆ ಬಿಡಿಸಿಕೊಂಡು ಹೊರಟೇಬಿಟ್ಟರು. ಆದುದರಿಂದ ನನಗೆ ತಿಳಿದದ್ದನ್ನೇ, ನಮ್ಮ ಕಾಸರಗೋಡಿನ ಗುಡ್ಡೆ ತೋಡುಗಳ ನಡುವೆ ಕಂಡದ್ದನ್ನೇ, ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಅದರಲ್ಲಿ ಧರ್ಮ ಎಷ್ಟು, ನೀತಿ ಎಷ್ಟು ಎಂಬುದನ್ನು ತಾವೇ ಬೇರ್ಪಡಿಸಿಕೊಳ್ಳಬೇಕು.

ಮೊದಲು ಮಕ್ಕಳಿಗೆ ಪ್ರಿಯವಾದ ಒಂದು ಸಂಗತಿ. ಕುಂಬಳೆಗೆ ಸಮೀಪದ ಅನಂತಪುರದಲ್ಲಿ ಕೆರೆಯ ನಡುವೆ ದೇವಾಲಯವಿರುವುದನ್ನು ತಾವೆಲ್ಲರೂ ಬಲ್ಲಿರಿ. ಆ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆ ಬಹುಕಾಲ ವಾಸವಾಗಿತ್ತು. ಅರ್ಚಕರು ಕರೆದರೆ ದಡಕ್ಕೆ ಬರುತ್ತಿತ್ತು, ನೈವೇದ್ಯದ ಅನ್ನವನ್ನು ಸ್ವೀಕರಿಸುತ್ತಿತ್ತು, ಯಾರನ್ನೂ ನೋಯಿಸಲಿಲ್ಲ. 2022ರ ಅಕ್ಟೋಬರ್ 9ರ ರಾತ್ರಿ ಅದು ತೀರಿಕೊಂಡಾಗ ಜನರು ಮನೆಯ ಹಿರಿಯರೊಬ್ಬರನ್ನು ಕಳೆದುಕೊಂಡವರಂತೆ ಕಣ್ಣೀರಿಟ್ಟರು. ದೇವಾಲಯದ ಆವರಣದಲ್ಲಿಯೇ ಅದಕ್ಕೆ ಸಮಾಧಿಯಾಯಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಬಬಿಯಾ ನೈವೇದ್ಯವನ್ನಲ್ಲದೆ ಬೇರೇನನ್ನೂ ತಿನ್ನುತ್ತಿರಲಿಲ್ಲ ಎಂಬುದು ನಮ್ಮವರ ನಂಬುಗೆ. ಪ್ರಾಣಿಶಾಸ್ತ್ರವನ್ನು ಓದಿದವರು ಇದನ್ನು ಕೇಳಿ ನಗುತ್ತಾರೆ. ಕೆರೆಯಲ್ಲಿ ಮೀನುಗಳಿರುವಾಗ ನೀರಿನ ಅಡಿಯಲ್ಲಿ ಅದು ಏನು ಮಾಡುತ್ತಿತ್ತೆಂದು ಕಂಡವರಾರು ಎಂದು ಕೇಳುತ್ತಾರೆ. ಅವರ ಪ್ರಶ್ನೆ ಸರಿಯಾದುದೇ. ಆದರೆ ಈ ನಂಬುಗೆಯಿಂದ ಯಾರಿಗೂ ಕೇಡಾಗಲಿಲ್ಲ. ಅದರಿಂದಾಗಿ ಒಂದು ಕಾಡುಪ್ರಾಣಿ ಜನಸಂದಣಿಯ ನಡುವೆ ಕಲ್ಲೇಟಿಲ್ಲದೆ ಬದುಕಿ ಮುಪ್ಪನ್ನು ಕಂಡಿತು. ಇಂತಹ ಕಡೆ ಸತ್ಯವು ನಂಬುಗೆಯ ಮೇಲೆ ದಾವೆ ಹೂಡಬೇಕಾದ ಅಗತ್ಯ ನನಗೆ ತೋರುವುದಿಲ್ಲ.

ನಮ್ಮ ನಾಗಬನಗಳೂ ಹೀಗೆಯೇ. ಬನದ ಮರಕ್ಕೆ ಕತ್ತಿ ತಾಗಿಸಬಾರದು, ಒಣಗಿದ ಕೊಂಬೆಯನ್ನೂ ಒಯ್ಯಬಾರದು ಎಂಬ ಭಯ ಅಜ್ಜಂದಿರ ಕಾಲದಿಂದ ಬಂದುದು. ಸುತ್ತಲಿನ ಗುಡ್ಡೆಗಳೆಲ್ಲ ಬೋಳಾದರೂ ಆ ಒಂದೊಂದು ತುಂಡು ಕಾಡು ಉಳಿದುಕೊಂಡಿದೆ. ಅದರ ಬುಡದಲ್ಲಿ ಒಸರು ಉಳಿದಿದೆ. ಅರಣ್ಯದ ಕಾನೂನು ಮಾಡಲಾರದ ಕೆಲಸವನ್ನು ಒಂದು ನಂಬುಗೆ ಮಾಡಿತು. (ಈಗೀಗ ಆ ಮರಗಳನ್ನು ಕಡಿದು, ಬನಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿಸಿ, ಟೈಲ್ಸು ಹಾಸಿ, ದಾನಿಗಳ ಹೆಸರು ಕೆತ್ತಿಸುವುದನ್ನು ಕಾಣುತ್ತೇನೆ. ನಾಗನಿಗೆ ಟೈಲ್ಸು ಏತಕ್ಕೆ ಬೇಕೋ ನಾನರಿಯೆ.)

ಇನ್ನು ದೈವಗಳ ಮಾತು. ತುಳುವಿನಲ್ಲಿ ದೈವಗಳನ್ನು 'ಸತ್ಯೊಲು' ಎಂದು ಕರೆಯುತ್ತಾರೆ. ಸತ್ಯಗಳು ಎಂದು ಅದರ ಅರ್ಥ. ಎಷ್ಟು ಗಂಭೀರವಾದ ಹೆಸರು, ಯೋಚಿಸಿ ನೋಡಿ! ಕಾನತ್ತೂರಿನ ನಾಲ್ವರು ದೈವಗಳ ಸನ್ನಿಧಿಗೆ ಇಂದಿಗೂ ಜನರು ವ್ಯಾಜ್ಯಗಳನ್ನು ಒಯ್ಯುತ್ತಾರೆ. ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ನಿಂತು ಸುಳ್ಳು ಹೇಳಬಲ್ಲ ಮನುಷ್ಯನು ಅಲ್ಲಿ ನಿಂತಾಗ ನಾಲಗೆ ಒಣಗಿ ನಿಜವನ್ನು ನುಡಿಯುತ್ತಾನೆ. ಅವನು ಹೆದರುವುದು ದೈವಕ್ಕೋ ತನ್ನ ಅಂತಃಸಾಕ್ಷಿಗೋ ಎಂದು ನಾನು ಎಷ್ಟೋ ಬಾರಿ ಚಿಂತಿಸಿದ್ದೇನೆ. ಎರಡೂ ಒಂದೇ ಆಗಿರಬಹುದು.

ಮಹಾತ್ಮಾ ಗಾಂಧಿಯವರು ಬಹುಕಾಲ ದೇವರೇ ಸತ್ಯವೆಂದು ಹೇಳುತ್ತ ಬಂದಿದ್ದರು. 1931ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ಮಾತನಾಡುವಾಗ ಆ ಮಾತನ್ನು ತಿರುಗಿಸಿ, ಸತ್ಯವೇ ದೇವರೆಂದು ತಾವು ಹೇಳುವಂತಾದುದನ್ನು ವಿವರಿಸಿದರು. ಕೇಳಲಿಕ್ಕೆ ಪದಗಳ ಸ್ಥಾನಪಲ್ಲಟದಂತೆ ತೋರುವ ಈ ಬದಲಾವಣೆ ಸಣ್ಣದಲ್ಲ. ದೇವರನ್ನು ನಂಬದವನಿಗೂ ಆ ಎರಡನೆಯ ವಾಕ್ಯದಲ್ಲಿ ಕುಳಿತುಕೊಳ್ಳಲು ಮಣೆ ಇದೆ.

ಆದರೆ ಅದೇ ಮಹಾತ್ಮರು ಮೂರು ವರ್ಷಗಳೊಳಗೆ ಒಂದು ವಾದದಲ್ಲಿ ಸಿಕ್ಕಿಬಿದ್ದರು. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳಗಳಲ್ಲಿ ಭೀಕರ ಭೂಕಂಪವಾಗಿ ಹತ್ತು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಆಗ ಹರಿಜನೋದ್ಧಾರಕ್ಕಾಗಿ ದಕ್ಷಿಣದಲ್ಲಿ ಸಂಚರಿಸುತ್ತಿದ್ದ ಗಾಂಧಿಯವರು, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ನುಡಿದರು. ಅಸ್ಪೃಶ್ಯತೆಯನ್ನು ತಾವೂ ದ್ವೇಷಿಸುತ್ತಿದ್ದ ರವೀಂದ್ರನಾಥ ಠಾಕೂರರಿಗೆ ಈ ಮಾತಿನಿಂದ ನೋವಾಯಿತು. ಭೌತಿಕವಾದ ಉತ್ಪಾತಕ್ಕೆ ಭೌತಿಕವಾದ ಕಾರಣವೇ ಇರುವುದೆಂದೂ, ಇದೇ ವಾದವನ್ನು ಎದುರು ಪಕ್ಷದವರೂ ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಲ್ಲರೆಂದೂ ಅವರು ಬಹಿರಂಗವಾಗಿ ಬರೆದರು. ಗಾಂಧಿಯವರು ಆ ಖಂಡನೆಯನ್ನು ಮುಚ್ಚಿಡದೆ ತಮ್ಮ 'ಹರಿಜನ' ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿ, ತಮ್ಮ ಉತ್ತರವನ್ನೂ ಪ್ರಕಟಿಸಿದರು. ಅವರು ತಮ್ಮ ನಂಬುಗೆಯನ್ನು ಬಿಡಲಿಲ್ಲ. ಇವರು ತಮ್ಮ ವಿಚಾರವನ್ನು ಬಿಡಲಿಲ್ಲ. ಇಬ್ಬರ ಸ್ನೇಹವೂ ಕೆಡಲಿಲ್ಲ. ಈ ವಾದದಲ್ಲಿ ನನ್ನ ಬುದ್ಧಿ ಠಾಕೂರರ ಕಡೆಗಿದೆ. ವಿಪತ್ತು ಬಂದಾಗ ಮನುಷ್ಯನು ತನ್ನ ಪಾಪವನ್ನು ಹುಡುಕಿಕೊಳ್ಳುವುದು ಒಳ್ಳೆಯದೇ ಇರಬಹುದು. ಆದರೆ ಮನೆ ಬಿದ್ದವನಿಗೆ ನಿನ್ನ ಪಾಪದಿಂದಲೇ ಬಿತ್ತೆಂದು ಹೊರಗಿನವರು ಹೇಳತೊಡಗಿದರೆ, ಗೋಡೆಯನ್ನು ಸಡಿಲವಾಗಿ ಕಟ್ಟಿದವನು ನಿಶ್ಚಿಂತನಾಗಿ ತಪ್ಪಿಸಿಕೊಳ್ಳುತ್ತಾನೆ.

ಇದು ಬಿಹಾರದ ಹಳೆಯ ಕತೆಯೆಂದು ಭಾವಿಸಬೇಡಿ. ನಮ್ಮ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮಕ್ಕೆ ಈಗ ಬನ್ನಿ. ಅಲ್ಲಿ 'ಸ್ವರ್ಗ' ಎಂಬ ಹೆಸರಿನ ಒಂದು ಊರೇ ಇದೆ. ಗುಡ್ಡೆಗಳ ನೆತ್ತಿಯ ಮೇಲೆ ಗೇರು ತೋಟಗಳು. ಕೆಳಗಿನ ಬೈಲುಗಳಲ್ಲಿ ಅಡಕೆಯ ತೋಟ, ಮನೆ, ತೋಡು. ಗುಡ್ಡೆಯ ಒಡಲಿಗೆ ಅಡ್ಡಲಾಗಿ ಸುರಂಗಗಳನ್ನು ಕೊರೆದು, ಮುರಕಲ್ಲಿನ ನಡುವಿನಿಂದ ಒಸರುವ ನೀರನ್ನು ಮನೆಗೆ ಹರಿಸಿಕೊಳ್ಳುವ ವಿದ್ಯೆಗೆ ನಮ್ಮ ಸೀಮೆ ಹೆಸರಾದುದು. ಮೇಲೆ ಬಿದ್ದ ಮಳೆಯೇ ಕೆಳಗಿನ ಮನೆಯ ಬಾಯಿಗೆ ಬರುತ್ತದೆ. ಆ ಗುಡ್ಡೆಗಳ ಗೇರು ತೋಟ ಕೇರಳ ತೋಟಗಾರಿಕಾ ನಿಗಮದ್ದು. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಕರಟಿಸುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲು ನಿಗಮದವರು ಎಂಡೋಸಲ್ಫಾನ್ ಎಂಬ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸತೊಡಗಿದರು. 1970ರ ದಶಕದ ಕೊನೆಯಲ್ಲಿ ಆರಂಭವಾದ ಈ ಸಿಂಪಡಣೆ 2000ದ ಡಿಸೆಂಬರಿನವರೆಗೆ ವರ್ಷವರ್ಷವೂ ನಡೆಯಿತು. ಎಣ್ಮಕಜೆಯೊಂದರಲ್ಲೇ ಅಲ್ಲ, ಬದಿಯಡ್ಕ, ಬೆಳ್ಳೂರು, ಕುಂಬಡಾಜೆ, ಕಾರಡ್ಕ, ಮುಳಿಯಾರು ಮೊದಲಾಗಿ ತೆಂಕಣ ಕಯ್ಯೂರು-ಚೀಮೇನಿಯವರೆಗೆ ಹನ್ನೊಂದು ಪಂಚಾಯತುಗಳಿಗೆ ಅದರ ಪರಿಣಾಮ ವ್ಯಾಪಿಸಿತು. ಗಡಿಯ ಆಚೆಯ ದಕ್ಷಿಣ ಕನ್ನಡದಲ್ಲಿಯೂ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರು ತೋಟಗಳಲ್ಲಿ ಇದೇ ಕೆಲಸ ನಡೆದು, ಇದೇ ದುಃಖ ಉಂಟಾಯಿತು. ವಿಷಕ್ಕೆ ಭಾಷೆಯ ಗಡಿ ತಿಳಿಯದು.

ಸಿಂಪಡಿಸುವ ಮೊದಲು ಬಾವಿಗಳನ್ನು ಮುಚ್ಚಿಕೊಳ್ಳಬೇಕೆಂದು ಹೇಳಿಕೆ ಕೊಡುತ್ತಿದ್ದರು. ಬಾವಿಯನ್ನು ಮಡಲಿನಿಂದ ಮುಚ್ಚಬಹುದು. ತೋಡನ್ನು ಮುಚ್ಚುವುದು ಹೇಗೆ? ಸುರಂಗದ ನೀರು ಇಳಿದು ಬರುವ ಗುಡ್ಡೆಯನ್ನೇ ಮುಚ್ಚುವುದು ಹೇಗೆ? ಈ ವಿಷವು ಮೀನಿಗೂ ಜೇನಿಗೂ ಮಾರಕವೆಂಬುದು ತಜ್ಞರಿಗೆ ಮೊದಲೇ ಗೊತ್ತಿದ್ದ ಸಂಗತಿ. ಕೀಟನಾಶಕಗಳ ಕೇಡನ್ನು ಕುರಿತು ರೇಚಲ್ ಕಾರ್ಸನ್ ಎಂಬ ಅಮೆರಿಕದ ವಿದುಷಿ 1962ರಲ್ಲಿಯೇ ಗ್ರಂಥ ಬರೆದು ಲೋಕವನ್ನು ಎಚ್ಚರಿಸಿದ್ದಳು. ಗೇರಿನ ಹೂವಿಗೆ ಪರಾಗ ತರುವುದೇ ಜೇನು ಮೊದಲಾದ ಕೀಟಗಳೆಂಬುದನ್ನು ನೆನೆದರೆ, ಫಸಲನ್ನು ಕಾಯಲೆಂದು ಹೊರಟವರು ಫಸಲಿನ ಗೆಳೆಯರನ್ನೇ ಕೊಂದರೆನ್ನಬೇಕು.

ಬರಬರುತ್ತ ಮನೆಗಳಲ್ಲಿ ಕಷ್ಟಗಳು ಕಾಣಿಸಿಕೊಂಡವು. 1979ರಷ್ಟು ಹಿಂದೆಯೇ ಒಬ್ಬ ಕೃಷಿಕರು ತಮ್ಮ ಹಟ್ಟಿಯಲ್ಲಿ ಕಾಲು ಸೊಟ್ಟಗಾದ, ಬೆಳೆಯದ ಕರುಗಳನ್ನು ಕಂಡು ಈ ಸಿಂಪಡಣೆಯನ್ನೇ ಶಂಕಿಸಿದ್ದರು. ಅನಂತರ ಮಕ್ಕಳು. ತಲೆ ಮಾತ್ರ ದೊಡ್ಡದಾಗಿ ಮೈ ಬೆಳೆಯದ ಮಕ್ಕಳು, ಅಮ್ಮನ ಮುಖವನ್ನು ಗುರುತಿಸದ ಮಕ್ಕಳು, ಅಪಸ್ಮಾರದವರು, ಎಳೆಯ ಪ್ರಾಯದಲ್ಲಿಯೇ ಅರ್ಬುದ ರೋಗಕ್ಕೆ ತುತ್ತಾದವರು. ಇದೆಲ್ಲ ದೈವದ ಮುನಿಸೆಂದು ಊರಿನ ಹಲವರು ನಂಬಿದರು. ಬೇರೆ ಏನೆಂದು ನಂಬಬೇಕಿತ್ತು? ಪ್ರಶ್ನೆ ಇಡಿಸಿದರು, ತಂಬಿಲ ಕೊಟ್ಟರು, ಸಾಲ ಮಾಡಿ ಕೋಲ ಕಟ್ಟಿಸಿದರು. ಯಾವ ಹಿರಿಯನು ಯಾವ ಹರಕೆಯನ್ನು ಮರೆತನೋ ಎಂದು ಹಳೆಯ ಪಾಪಗಳನ್ನು ಅಗೆದು ತೆಗೆದರು. ತಾಯಿಯಾದವಳು ತನ್ನ ಬಸುರಿನ ದಿನಗಳನ್ನು ಒಂದೊಂದಾಗಿ ನೆನೆದು, ತಾನೇನು ತಪ್ಪು ಮಾಡಿದೆನೆಂದು ಅತ್ತಳು. ನಾನು ದೈವಾರಾಧನೆಯನ್ನು ಹಳಿಯುತ್ತಿಲ್ಲ. ನನ್ನ ಮನೆಯಲ್ಲಿಯೂ ವರ್ಷಕ್ಕೊಮ್ಮೆ ದೀಪ ಇಡುತ್ತೇವೆ. ಸತ್ಯವೆಂಬ ಹೆಸರನ್ನೇ ಹೊತ್ತ ದೈವಗಳ ಮೇಲೆ ಇಷ್ಟು ವರ್ಷ ಇಂತಹ ಸುಳ್ಳು ಆರೋಪ ಬಿದ್ದಿತಲ್ಲ ಎಂದು ನನಗೆ ನೋವಾಗುತ್ತದೆ.

ಕಾರಣವನ್ನು ಹುಡುಕಲು ಹೊರಟವರು ಕೆಲವೇ ಮಂದಿ. 1980ರ ದಶಕದ ಆರಂಭದಿಂದ ವಾಣೀನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು, ಒಂದೇ ತೋಡಿನ ಆಸುಪಾಸಿನ ಮನೆಗಳಲ್ಲಿ ಇಷ್ಟೊಂದು ನರರೋಗ, ಬುದ್ಧಿಮಾಂದ್ಯ, ಅರ್ಬುದ ಏಕೆ ಎಂದು ಆಶ್ಚರ್ಯಪಟ್ಟು, ಲೆಕ್ಕವಿಟ್ಟು, ವೈದ್ಯರ ಪತ್ರಿಕೆಗೆ ಬರೆದು ಬಲ್ಲವರ ನೆರವನ್ನು ಕೇಳಿದರು. ಅದೇ ಊರಿನ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ಬರೆಯುವುದನ್ನು ಬಿಡಲಿಲ್ಲ. ತೆಂಕಣ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮನವರು, ತಾವೇ ಕೃಷಿ ಇಲಾಖೆಯ ನೌಕರರಾಗಿದ್ದೂ, ಸಿಂಪಡಣೆಯನ್ನು ನಿಲ್ಲಿಸಬೇಕೆಂದು 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದ ಮೆಟ್ಟಿಲು ಹತ್ತಿ ತಡೆಯಾಜ್ಞೆ ಪಡೆದರು. ಸರಕಾರದ ಅನ್ನ ಉಣ್ಣುವ ಒಬ್ಬ ಹೆಣ್ಣುಮಗಳು ಸರಕಾರದ ನಿಗಮದ ಎದುರು ನಿಲ್ಲುವುದೆಂದರೆ ಏನೆಂಬುದು ಸರಕಾರಿ ಕೆಲಸದಲ್ಲಿದ್ದವರಿಗೆ ಗೊತ್ತು. ನನಗೆ ಗೊತ್ತು.

ಏಕೆಂದರೆ ನಾನು ನಿಲ್ಲಲಿಲ್ಲ. ಇದನ್ನು ಹೇಳಲೆಂದೇ ನಾನು ಇಂದು ಇಲ್ಲಿಗೆ ಬಂದೆನೆನ್ನಬಹುದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನಿದ್ದ ಶಾಲೆಯ ಹಿಂದಿನ ಗುಡ್ಡೆಯ ಮೇಲೆ ಗೇರು ತೋಟವಿತ್ತು. ಒಂದು ದಿನ ಬೆಳಗಿನ ಪಾಠದ ನಡುವೆ ಹೆಲಿಕಾಪ್ಟರಿನ ಸದ್ದು ಕೇಳಿತು. ಮಕ್ಕಳು ಹುಚ್ಚೆದ್ದರು. ನಾನೂ ಎಳೆಯನು, ಪುಸ್ತಕ ಮುಚ್ಚಿಸಿ ಅವರೆಲ್ಲರನ್ನೂ ಅಂಗಳಕ್ಕೆ ಕರೆತಂದೆನು. ಅವರು ಕುಣಿದರು, ಕೈಬೀಸಿದರು. ಮೇಲಿನಿಂದ ತೆಳುವಾದ ಮಂಜಿನಂತೆ ಏನೋ ಇಳಿದು ಬಂದಿತು. ಮೂಗಿಗೆ ಕಟುವಾದ ವಾಸನೆ ಬಡಿಯಿತು. ನಾನು ರೆಕ್ಕೆಗಳು ತಿರುಗುವ ಬಗೆಯನ್ನೂ ಯಂತ್ರದ ಮಹಿಮೆಯನ್ನೂ ವಿವರಿಸಿದೆನು. ಮಧ್ಯಾಹ್ನ 'ನಾನು ಕಂಡ ಹೆಲಿಕಾಪ್ಟರು' ಎಂಬ ಪ್ರಬಂಧವನ್ನು ಬರೆಯಿಸಿದೆನು. ನಾಲ್ಕನೆಯ ತರಗತಿಯ ಒಬ್ಬ ಹುಡುಗನು ಎರಡು ವಾಕ್ಯ ಹೆಲಿಕಾಪ್ಟರಿನ ಮೇಲೆ ಬರೆದು, ಉಳಿದುದನ್ನೆಲ್ಲ ತನ್ನ ಮನೆಯ ಜೇನುಪೆಟ್ಟಿಗೆಯ ಮೇಲೆ ಬರೆದಿದ್ದನು. ಹಿಂದಿನ ಸಲ ಹೆಲಿಕಾಪ್ಟರು ಬಂದ ಮರುದಿನ ನೊಣಗಳೆಲ್ಲ ಪೆಟ್ಟಿಗೆಯ ಮುಂದೆ ಸತ್ತು ಬಿದ್ದಿದ್ದುವೆಂದೂ, ಅಜ್ಜನು ಅವನ್ನು ಗುಡಿಸಿ ಗೆರಸೆಯಲ್ಲಿ ತುಂಬಿದನೆಂದೂ ಬರೆದಿದ್ದನು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು 'ವಿಷಯಾಂತರ' ಎಂದು ಬರೆದೆನು. ಹತ್ತರಲ್ಲಿ ನಾಲ್ಕು ಅಂಕ ಕೊಟ್ಟೆನು.

ಮುಂದೆ 2001ರ ಸುಮಾರಿಗೆ ಪತ್ರಿಕೆಗಳಲ್ಲಿ ಆ ಮಕ್ಕಳ ಚಿತ್ರಗಳು ಬರತೊಡಗಿದಾಗ ನನಗೆ ಆ ಕೆಂಪು ಗೆರೆ ನೆನಪಾಯಿತು. ಅಂದು ಅಂಗಳದಲ್ಲಿ ಕುಣಿದವರಲ್ಲಿ ಒಬ್ಬಳು ಅನಂತರ ಬಹುಕಾಲ ರೋಗದಿಂದ ನರಳಿ ತೀರಿಕೊಂಡಳು. ಅದು ಆ ಮಂಜಿನಿಂದಲೇ ಆಯಿತೆಂದು ನಾನು ಹೇಳಲಾರೆನು. ಆಗಲಿಲ್ಲವೆಂದು ಹೇಳಿ ನಿದ್ದೆ ಮಾಡಲೂ ಆರೆನು. ಆ ಹುಡುಗನು ಬೆಳೆದು ದೊಡ್ಡವನಾದ ಮೇಲೆ ಬದಿಯಡ್ಕದ ಪೇಟೆಯಲ್ಲಿ ಸಿಕ್ಕಿದಾಗ, ಕ್ಷಮೆ ಕೇಳುವ ಧೈರ್ಯ ಸಾಲದೆ ಪ್ರಬಂಧದ ನೆನಪಿದೆಯೇ ಎಂದಷ್ಟೇ ಕೇಳಿದೆನು. "ಪ್ರಬಂಧ ನೆನಪಿಲ್ಲ ಮಾಷ್ಟ್ರೆ, ನೊಣ ಸತ್ತದ್ದು ನೆನಪುಂಟು" ಎಂದನು. ಅವನ ಕೈಯಲ್ಲಿ ಅಕ್ಕಿಯ ಚೀಲವಿತ್ತು, ಬಸ್ಸು ಬಂದಿತು, ಹೊರಟುಹೋದನು.

ಸತ್ಯದ ವಿಷಯವಾಗಿ ಮಾತನಾಡುವವನು ತನಗೆ ಅನನುಕೂಲವಾದ ಸತ್ಯವನ್ನೂ ಹೇಳಬೇಕಷ್ಟೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಪಡ್ರೆಯ ಶಾಲಾಮಕ್ಕಳನ್ನು, ಸಿಂಪಡಣೆಯಾಗದ ಮೀಂಜದ ಮಕ್ಕಳೊಡನೆ ಹೋಲಿಸಿ ಪರೀಕ್ಷಿಸಿದರು. ನರಸಂಬಂಧವಾದ ತೊಡಕುಗಳೂ ಹುಟ್ಟು ಅಂಗವಿಕಲತೆಯೂ ಪಡ್ರೆಯಲ್ಲಿ ಹೆಚ್ಚೆಂದೂ, ಗಂಡುಮಕ್ಕಳಲ್ಲಿ ಪ್ರಾಯಕ್ಕೆ ಬರುವುದು ತಡವಾಗಿದೆಯೆಂದೂ ಅವರು ಕಂಡುಕೊಂಡರು. 2003ರಲ್ಲಿ ಕೇಂದ್ರ ಸರಕಾರದ ಒಂದು ಸಮಿತಿಯು ರೋಗಗಳಿಗೂ ಈ ವಿಷಕ್ಕೂ ಸಂಬಂಧವಿಲ್ಲವೆಂದಿತು. ನಮ್ಮ ಜಿಲ್ಲೆಯ ಪ್ರತಿಯೊಂದು ಕಾಯಿಲೆಯನ್ನೂ ಎಂಡೋಸಲ್ಫಾನಿನ ತಲೆಗೆ ಕಟ್ಟುವುದು ಸರಿಯಲ್ಲವೆಂದು ವಾದಿಸುವ ವಿಜ್ಞಾನಿಗಳು ಈಗಲೂ ಇದ್ದಾರೆ. ಅವರನ್ನು ದ್ರೋಹಿಗಳೆಂದು ಕರೆಯುವ ನಮ್ಮ ಕೆಲವರ ಮಾತು ನನಗೆ ಸೇರದು. ನಿನ್ನೆ ದೈವದ ಮೇಲೆ ಕಣ್ಣುಮುಚ್ಚಿ ಹೊರಿಸಿದ್ದನ್ನು ಇಂದು ವಿಷದ ಮೇಲೆ ಕಣ್ಣುಮುಚ್ಚಿ ಹೊರಿಸಿದರೆ ನಾವು ಕಲಿತದ್ದೇನು? ಆದರೆ ಆ ವಿಜ್ಞಾನಿಗಳಿಗೂ ನನ್ನದೊಂದು ವಿನಂತಿ ಇದೆ. ಸಂಬಂಧ ಸಿದ್ಧವಾಗಿಲ್ಲವೆಂಬ ವಾಕ್ಯವನ್ನು ಬರೆಯುವ ಮೊದಲು, ಇಪ್ಪತ್ತು ವರ್ಷ ಅದನ್ನು ಪರೀಕ್ಷಿಸಬೇಕಾಗಿದ್ದವರು ಯಾರೆಂಬುದನ್ನೂ ಒಂದು ಸಾಲು ಬರೆಯಲಿ.

ಮುಂದಿನ ಕತೆ ತಮಗೆ ಗೊತ್ತಿರುವುದೇ. ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿ ಎಂಡೋಸಲ್ಫಾನನ್ನು ಜಗತ್ತಿನಿಂದ ತೊಲಗಿಸುವ ನಿರ್ಣಯ ಮಾಡಿದವು. ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞೆಯಾಯಿತು. ಐದು ವರ್ಷಗಳ ಮೇಲೆ, 2022ರ ಮೇ ತಿಂಗಳಿನಲ್ಲಿ ನ್ಯಾಯಾಲಯವು ಮತ್ತೆ ವಿಚಾರಿಸಿದಾಗ, 3,704 ಮಂದಿಯಲ್ಲಿ ಹಣ ಮುಟ್ಟಿದ್ದು ಎಂಟು ಮಂದಿಗೆ ಮಾತ್ರವೆಂದು ತಿಳಿದುಬಂದಿತು. ನ್ಯಾಯಾಲಯ ಗದರಿಸಿದ ಮೇಲೆ ಉಳಿದವರಿಗೂ ಪಾವತಿ ಆರಂಭವಾಯಿತು. ಈ ನಡುವೆ ತೀರಿಕೊಂಡ ಮಕ್ಕಳ ತಾಯಂದಿರು ಈ ಸಭೆಯಲ್ಲಿಯೂ ಇರಬಹುದು.

ಅಂತಹ ತಾಯಂದಿರಲ್ಲಿ ಒಬ್ಬರು ಕಳೆದ ವರ್ಷ ಒಂದು ಕಾಗದವನ್ನು ಹಿಡಿದುಕೊಂಡು ನನ್ನ ಮನೆಗೆ ಬಂದಿದ್ದರು. ಪಿಂಚಣಿ ನಿಂತುಹೋದ ವಿಷಯವದು. ಕಾಗದವೆಲ್ಲ ಮಲಯಾಳದಲ್ಲಿತ್ತು. ಆ ತಾಯಿ ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದವರು; ಏನು ಬರೆದಿದೆಯೆಂದು ತಿಳಿಯದೆ ಮೂರು ತಿಂಗಳು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದರು. ಅವರು ಕೊಡಬೇಕಾಗಿದ್ದುದು ವೈದ್ಯರ ಒಂದು ಹೊಸ ಪ್ರಮಾಣಪತ್ರ, ಅಷ್ಟೆ. ನಾವಿಬ್ಬರೂ ಕುಳಿತು ಅರ್ಜಿ ಬರೆದೆವು.

ಅಂದಿನಿಂದ ಇಂತಹ ಕಾಗದಗಳನ್ನು ಓದಿ ಕನ್ನಡದಲ್ಲಿ ಹೇಳುವ, ಉತ್ತರ ಬರೆದುಕೊಡುವ ಕೆಲಸವನ್ನು ನಾನು ಮಾಡುತ್ತಿದ್ದೇನೆ. ಸಂಘದವರು ಈ ಕಟ್ಟಡದ ಪಡುಬದಿಯ ಕೋಣೆಯನ್ನು ಪ್ರತಿ ಶನಿವಾರ ಬೆಳಗ್ಗೆ ಹತ್ತು ಗಂಟೆಯಿಂದ ಒಂದು ಗಂಟೆಯವರೆಗೆ ನನಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಮಲಯಾಳ ಬಲ್ಲ ಇಬ್ಬರು ಮೂವರು ತರುಣರು ಜತೆಗಿದ್ದರೆ ಉಪಕಾರವಾದೀತು. ನನ್ನ ಕಣ್ಣು ಮೊದಲಿನಂತಿಲ್ಲ. ಇಂದೂ ಸಹ ಯಕ್ಷಗಾನ ಆರಂಭವಾದ ಮೇಲೆ ನಾನು ಅಲ್ಲಿಯೇ ಕುಳಿತಿರುತ್ತೇನೆ. ಕಾಗದ ತಂದವರು ದಯವಿಟ್ಟು ರೇಷನ್ ಕಾರ್ಡಿನ ಒಂದು ಪ್ರತಿಯನ್ನೂ ಜತೆಗಿರಿಸಿಕೊಂಡು ಬನ್ನಿ.